ಗಂಜ್ ಪೇಟೆಯ ಬಾಗಿಲು

ಧಾರವಾಡದಿಂದ ರಾತ್ರಿ ಬಸ್ಸು ಹತ್ತಿ ಬೆಳಕು ಹರಿಯುವಷ್ಟರಲ್ಲಿ ಪುಣೆ ಮುಟ್ಟಿದೆವು. ಜೊತೆಗೆ ವೈನಿ, ಅಂದರೆ ಅತ್ತಿಗೆ. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು. "ಶನಿವಾರವಾಡಾ ಆಮ್ಯಾಲೆ ನೋಡೂಣು ತಮ್ಮಾ, ಮೊದಲ ಫುಲೆಯವರ ಮನಿಗೆ ನಡಿ" ಎಂದು ಅವರ ಹಟ.

ಗಂಜ್ ಪೇಟೆಗೆ ಈಗ ಮಹಾತ್ಮ ಫುಲೆ ಪೇಟೆ ಎಂಬ ಹೆಸರು. ಇಕ್ಕಟ್ಟಾದ ಓಣಿಗಳನ್ನು ದಾಟಿ ಫುಲೆ ವಾಡಾ ತಲುಪಿದಾಗ ಬೆರಗಾಯಿತು. ವಾಡೆ ಎಂದರೆ ಬುರುಜು, ಹೆಬ್ಬಾಗಿಲು ಎಂದುಕೊಂಡು ಬಂದಿದ್ದೆ. ಎದುರಿಗಿದ್ದುದು ತಗ್ಗಿನ ಹೆಂಚಿನ ಮನೆ, ಒಂದು ಅಂಗಳ, ಒಂದು ಬಾವಿ. ಇಷ್ಟು ಸಣ್ಣ ಜಾಗದಲ್ಲಿ ಅಷ್ಟು ದೊಡ್ಡ ಕೆಲಸ ಹಿಡಿಸಿದ್ದಾದರೂ ಹೇಗೆ!

1863ರ ಸುಮಾರಿಗೆ ಈ ಆವರಣದಲ್ಲೇ ಸಮಾಜ ಸುಧಾರಕ ದಂಪತಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 'ಬಾಲಹತ್ಯಾ ಪ್ರತಿಬಂಧಕ ಗೃಹ' ತೆರೆದರು. ಬಸುರಾದ ವಿಧವೆಯರು ಅಂಜಿ ಹೆತ್ತ ಕೂಸನ್ನು ಕೊಲ್ಲುವುದನ್ನು ತಡೆಯುವ ಮನೆ ಅದು. ವಿಧವಾ ಪುನರ್ವಿವಾಹ ಕಾಯ್ದೆ 1856ರಲ್ಲೇ ಬಂದಿತ್ತು. ಆದರೆ ಕಾಯ್ದೆ ಕಾಗದದ ಮೇಲೇ ಉಳಿದಿತ್ತು. ಎಳವೆಯಲ್ಲೇ ಗಂಡನನ್ನು ಕಳೆದುಕೊಂಡ ಬ್ರಾಹ್ಮಣ ಹುಡುಗಿ ತಲೆ ಬೋಳಿಸಿಕೊಂಡು ಮೂಲೆಯಲ್ಲೇ ಮುದುಕಿಯಾಗಬೇಕಿತ್ತು. ಫುಲೆಯವರ ಸ್ನೇಹಿತರ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದ ಕಾಶೀಬಾಯಿಯೂ ಅಂಥ ತರುಣ ವಿಧವೆ. ಶಾಸ್ತ್ರಿಯೊಬ್ಬ ಆಕೆಯನ್ನು ಬಸಿರು ಮಾಡಿ ಕೈಬಿಟ್ಟ. ದಿಕ್ಕುಗಾಣದೆ ಹೆತ್ತ ಕೂಸನ್ನು ಕೊಂದು ಬಾವಿಗೆಸೆದಳು. ಅವಳಿಗೆ ಸಿಕ್ಕಿದ್ದು ಅಂಡಮಾನಿನ ಕರಿನೀರಿನ ಶಿಕ್ಷೆ.

ಆ ವಿಚಾರಣೆ ಮುಗಿದದ್ದೇ ತಡ, ಫುಲೆ ತಮ್ಮ ಮನೆಯ ಆವರಣದಲ್ಲೇ ಈ ಗೃಹ ಆರಂಭಿಸಿದರು. ಬ್ರಾಹ್ಮಣರ ಓಣಿಗಳ ಮೂಲೆಗೋಡೆಗಳಿಗೆ ಭಿತ್ತಿಪತ್ರ ಅಂಟಿಸಿದರು: ವಿಧವೆಯರು ಇಲ್ಲಿಗೆ ಬಂದು ಗುಟ್ಟಾಗಿ, ಸುರಕ್ಷಿತವಾಗಿ ಹೆರಬಹುದು, ಕೂಸನ್ನು ಒಯ್ಯುವುದೋ ಬಿಟ್ಟುಹೋಗುವುದೋ, ಅವರ ಇಚ್ಛೆ. ಬಾಣಂತಿಯರ, ಕೂಸುಗಳ ಆರೈಕೆಗೆ ನಿಂತವರು ಸಾವಿತ್ರಿಬಾಯಿ. ಮಾಲಿ ಜಾತಿಯ ದಂಪತಿಗಳ ಮನೆಯಲ್ಲಿ ಬ್ರಾಹ್ಮಣ ಹೆಣ್ಣುಮಕ್ಕಳ ಬಾಣಂತನ! ಆ ಕಾಲದ ಪುಣೆಯಲ್ಲಿ ಇದನ್ನು ಊಹಿಸಿಕೊಂಡರೇ ಮೈ ಜುಮ್ಮೆನ್ನುತ್ತದೆ.

1884ರ ಬರಹವೊಂದರಲ್ಲಿ ಫುಲೆಯವರೇ ಲೆಕ್ಕ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಬಂದ ಬಸುರಿ ವಿಧವೆಯರು ಸುಮಾರು 35. ಬದುಕಿದ್ದ ಮಕ್ಕಳು 5. ಉಳಿದ 30 ಕೂಸುಗಳು ಸತ್ತಿದ್ದವು. ಬಸಿರು ಇಳಿಸಲು ತಾಯಂದಿರು ಮೊದಲೇ ವಿಷದ ಔಷಧಿ ಕುಡಿದಿರಬೇಕು, ಅದರ ಪೆಟ್ಟು ಎಂದು ಫುಲೆ ಬರೆದರು.

ಇದನ್ನು ಹೇಳಿದಾಗ ವೈನಿ ಬಾವಿಯ ಪಕ್ಕದಲ್ಲಿ ಸುಮ್ಮನೆ ನಿಂತುಬಿಟ್ಟರು. ಆಮೇಲೆ ಮೆಲ್ಲಗೆ, "ಬಾಗ್ಲಾ ತಗದಿತ್ತು ಖರೆ. ಆದ್ರ ಅಂಜಿಕಿ ಮೊದಲ ಬಂದು ಮುಟ್ಟಿತ್ತು ನೋಡು" ಎಂದರು.

ನಾನೂ ಬಾವಿಗೆ ಇಣುಕಿದೆ. ಕಾಶೀಬಾಯಿಯ ಕೂಸನ್ನು ನುಂಗಿದ ಬಾವಿ ಬೇರೆ. ಇದು ಫುಲೆ ಮನೆಯ ಬಾವಿ. ತಮ್ಮ ಮನೆಯ ನೀರನ್ನು ಅವರು 1868ರಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆದಿಟ್ಟರು. ಅನಂತಮೂರ್ತಿಯವರ 'ಘಟಶ್ರಾದ್ಧ' ಕತೆಯ ಯಮುನಕ್ಕ ಅಲ್ಲೇ ನೆನಪಾದಳು. ಬಸಿರಾದ ತಪ್ಪಿಗೆ, ಬದುಕಿರುವಾಗಲೇ ಶ್ರಾದ್ಧ ಮಾಡಿಸಿಕೊಂಡ ನಮ್ಮ ಮಲೆನಾಡಿನ ವಿಧವೆ. ಅವಳಿಗೂ ಇಂಥದೊಂದು ಅಂಗಳ ಸಿಕ್ಕಿದ್ದರೆ!

ಇಲ್ಲಿ ಹುಟ್ಟಿದ ಒಂದು ಗಂಡುಕೂಸನ್ನು ಫುಲೆ ದಂಪತಿ 1874ರಲ್ಲಿ ದತ್ತು ಪಡೆದು ಯಶವಂತ ಎಂದು ಕರೆದರು. 1890ರಲ್ಲಿ ಜ್ಯೋತಿಬಾ ತೀರಿಕೊಂಡಾಗ ಅಂತ್ಯಕ್ರಿಯೆ ನಡೆಸುವ ದತ್ತುಮಗನ ಹಕ್ಕಿನ ಬಗ್ಗೆ ತಕರಾರು ಎದ್ದಿತು. ಸಾವಿತ್ರಿಬಾಯಿ ತಾವೇ ಮಡಿಕೆ ಹಿಡಿದು ಶವದ ಮುಂದೆ ನಡೆದರು, ತಾವೇ ಚಿತೆಗೆ ಬೆಂಕಿ ಕೊಟ್ಟರು. ಯಶವಂತ ಓದಿ ಡಾಕ್ಟರಾದ. 1897ರ ಪ್ಲೇಗಿನಲ್ಲಿ ತಾಯಿ ಮಗ ಸೇರಿ ರೋಗಿಗಳ ಸೇವೆಗೆ ನಿಂತರು. ಅದೇ ಸೋಂಕು ತಗುಲಿ ಮಾರ್ಚ್ 10ರಂದು ಸಾವಿತ್ರಿಬಾಯಿ ಕಣ್ಣುಮುಚ್ಚಿದರು.

ಜ್ಯೋತಿಬಾ ಅವರ ಚಿತಾಭಸ್ಮದ ಮೇಲಿರುವ ತುಳಸಿಕಟ್ಟೆಗೆ ವೈನಿ ಸೆರಗೊಡ್ಡಿ ಕೈಮುಗಿದರು. ನಾನೂ ಮುಗಿದೆ.

ಕಸದ ತೊಟ್ಟಿಯಲ್ಲಿ ಹಸುಗೂಸು ಸಿಕ್ಕ ಸುದ್ದಿ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಮುಂದಿನ ಸಲ ಓದಿದಾಗ, ಹೆತ್ತವಳನ್ನು ಶಪಿಸುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಅವಳು ಅಂಜದೆ ತಟ್ಟಬಹುದಾದ ಬಾಗಿಲು ನಮ್ಮ ಊರಿನಲ್ಲಿ ಇತ್ತೇ?