ಹೆಸರು ಬೆಂಗಳೂರು, ಆಟ ನಾಗಪುರದಾಗ

ತುಳಸಿಗೇರಿಯ ಮಣ್ಣಿನಲ್ಲಿ ಕಬಡ್ಡಿ ಆಡಿ ಮೊಣಕಾಲು ತರಚಿಕೊಂಡವರು ನಾವು. ಬೂಟು ಬೇಡ, ಬ್ಯಾಟು ಬೇಡ. ಮುಟ್ಟಿದರೆ ಮೈಲಿಗೆ ಎನ್ನುವ ನಾಡಿನಲ್ಲಿ ಮುಟ್ಟುವುದೇ ಈ ಆಟ. ಹಂಗಾಗಿ 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಬೆಂಗಳೂರು ಬುಲ್ಸ್ ನಮ್ಮದೇ ತಂಡ ಅಂದುಕೊಂಡೆವು.

ನೋಡಲು ಹೋಗುವುದೆಲ್ಲಿಗೆ? 2017ರಲ್ಲಿ ಕಂಠೀರವ ಸಿಗಲಿಲ್ಲವೆಂದು ತವರಿನ ಪಂದ್ಯಗಳನ್ನೇ ನಾಗಪುರಕ್ಕೆ ಒಯ್ದರು. 2021-22ರಲ್ಲಿ ಇಡೀ ಲೀಗು ಬೆಂಗಳೂರಲ್ಲೇ ನಡೆಯಿತು, ಪ್ರೇಕ್ಷಕರಿಗೆ ಬಾಗಿಲು ಮುಚ್ಚಿತ್ತು. ಕೋವಿಡ್ ಕಾಲ, ಅದಕ್ಕೆ ತಕರಾರಿಲ್ಲ. ಆದರೆ 2024, 2025ರ ಪಟ್ಟಿಯಲ್ಲಿ ಬೆಂಗಳೂರಿನ ಹೆಸರೇ ಇಲ್ಲವಲ್ಲ! ಕಂಠೀರವದಲ್ಲಿ ಆಡಿದ ವರ್ಷವೂ ಟಿಕೀಟು ಮೊಬೈಲಿನಾಗ. ಅದರ ಮೇಲೆ ರಾತ್ರಿ ಬಸ್ಸಿನ ಖರ್ಚು, ಎರಡು ದಿನದ ಕೂಲಿ ಖೋತಾ. ‘ಹೆಸರಷ್ಟ ನಮ್ದು, ಆಟ ಮಂದೀದು’ ಅಂತ ನಮ್ಮ ಹುಡುಗರು ಸಿಟ್ಟಾಗುವುದು ಸುಮ್ಮನೆ ಅಲ್ಲ.

ತರಬೇತಿಯ ಕತೆ ಬೇರೆ. 2019ರ ಜನವರಿಯ ಫೈನಲ್ಲಿನಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದು ಕಪ್ಪು ಗೆಲ್ಲಿಸಿದ. 2022ರ ಹರಾಜಿಗೆ ಅವನನ್ನೇ ಬಿಟ್ಟರು. ಆ ಕಪ್ಪಿನ ತರಬೇತುದಾರರಲ್ಲಿ ಒಬ್ಬರಾದ ನಮ್ಮ ಕನ್ನಡಿಗ ಬಿ.ಸಿ. ರಮೇಶ್ ಹೊರಗೆ ಹೋಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಕಪ್ಪು ಗೆದ್ದುಕೊಟ್ಟರು. ಅದೇ 2024ರ ಕೊನೆಗೆ ನಮ್ಮ ತಂಡ 22 ಪಂದ್ಯದಲ್ಲಿ ಎರಡೇ ಗೆದ್ದು ಕಟ್ಟಕಡೆಗೆ ಬಿತ್ತು. ಆಮೇಲೆ 2025ಕ್ಕೆ ರಮೇಶರ ನೆನಪಾಯಿತು. ಮೊದಲೇ ಯಾಕ ಆಗಲಿಲ್ಲ?

ಹುಬ್ಬಳ್ಳಿಯಲ್ಲೋ ಬಾಗಲಕೋಟೆಯಲ್ಲೋ ಎರಡು ಪಂದ್ಯ ಆಡಿಸಲಿ. ಬಸ್ ಸ್ಟ್ಯಾಂಡಿನಾಗ ರೊಕ್ಕ ಇಸ್ಕೊಂಡು ಟಿಕೀಟು ಹರಿದು ಕೊಡಲಿ. ಕೂಲಿ ಮುಗಿಸಿಕೊಂಡು ಬರ್ತೀವಿ.