ಗುಡೇಕೋಟೆಯ ಬುಡದಲ್ಲಿ

ಕೂಡ್ಲಿಗಿಯಿಂದ ಮೂಡಣ ದಿಕ್ಕಿಗೆ ಹೊರಟವನಿಗೆ ಹೊಲಗಳು ಮುಗಿಯುತ್ತ ಬಂದಂತೆ ಬಂಡೆಗಳು ಮೊದಲಾಗುವುವು. ಆನೆಯ ಮೇಲೆ ಆನೆಯನ್ನು ನಿಲ್ಲಿಸಿದಂತೆ ಒಂದರ ಮೇಲೊಂದು ಕುಳಿತಿರುವ ಆ ಹೆಬ್ಬಂಡೆಗಳ ಸಂದುಗಳಲ್ಲಿ ಕರಡಿಗಳು ವಾಸಮಾಡುವುವು. ಸುತ್ತಲ ಕುರುಚಲು ಕಾಡನ್ನು ಸರ್ಕಾರದವರು ಕರಡಿಧಾಮವೆಂದು ಕಾಪಾಡಿಕೊಂಡು ಬರುತ್ತಿರುವರು. ಆ ಬಂಡೆಗಳನ್ನೇ ಗೋಡೆಗೆ ಆಸರೆಯಾಗಿ ಮಾಡಿಕೊಂಡು ಹಿಂದಿನ ಪಾಳೆಯಗಾರರು ಕಟ್ಟಿಸಿದ ದುರ್ಗವೇ ಗುಡೇಕೋಟೆ. ಚಿತ್ರದುರ್ಗದ ಕಿಂಡಿಯಲ್ಲಿ ಒನಕೆಯನ್ನು ಹಿಡಿದು ಹೈದರಾಲಿಯ ಸೈನಿಕರನ್ನು ತಡೆದ ಓಬವ್ವನಿಗೆ ಇದೇ ತವರೂರೆಂದು ಇಲ್ಲಿಯ ಜನರು ಅಭಿಮಾನದಿಂದ ಹೇಳಿಕೊಳ್ಳುವರು. ಬಹುಕಾಲ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಊರು 2021ರಲ್ಲಿ ಹೊಸದಾಗಿ ಏರ್ಪಟ್ಟ ವಿಜಯನಗರ ಜಿಲ್ಲೆಗೆ ಸೇರಿತು.

ನಾನು ಈ ಊರಿಗೆ ಮೊದಲು ಬಂದುದು ಮೂವತ್ತು ವರ್ಷಗಳ ಹಿಂದೆ. ಆಗ ನನ್ನ ಸಂಗಡ ಶಾಲೆಯ ನಲವತ್ತು ಮಂದಿ ಮಕ್ಕಳಿದ್ದರು. ಅವರಲ್ಲಿ ಒಬ್ಬನಿಗೆ ಚಿಕ್ಕಂದಿನಲ್ಲಿಯೇ ಪೋಲಿಯೋ ತಗುಲಿ ಒಂದು ಕಾಲು ಸೊರಗಿಹೋಗಿದ್ದಿತು, ಕೋಲೂರಿ ನಡೆಯುತ್ತಿದ್ದನು. ಏರುದಾರಿಯನ್ನು ಕಂಡಕೂಡಲೆ, "ನಿನಗೇಕಪ್ಪಾ ಈ ಆಯಾಸ? ಇಲ್ಲಿಯೇ ಮರದ ನೆರಳಿನಲ್ಲಿ ಕುಳಿತು ಬುತ್ತಿಯನ್ನೂ ಎಲ್ಲರ ಚಪ್ಪಲಿಗಳನ್ನೂ ನೋಡಿಕೊಂಡಿರು" ಎಂದೆನು. ಅದು ದಯೆಯೆಂದೇ ನಾನು ಭಾವಿಸಿದ್ದೆನು. ಎರಡು ಗಂಟೆಗಳ ಮೇಲೆ ನಾವು ಇಳಿದು ಬಂದಾಗ ಅವನು ಕಣ್ಣರಳಿಸಿ, "ಮೇಲೆ ಏನಿತ್ತು, ಸಾರ್?" ಎಂದು ಕೇಳಿದನು. ನನಗೆ ಹಸಿವು. "ಏನಿರುತ್ತದೆ? ಬರಿಯ ಕಲ್ಲು" ಎಂದುಬಿಟ್ಟೆನು. ಮರುದಿನ ಪ್ರವಾಸವನ್ನು ಕುರಿತು ಪ್ರಬಂಧವನ್ನು ಬರೆಯಿಸಿದಾಗ ಆ ಹುಡುಗನು ನಲವತ್ತು ಜೊತೆ ಚಪ್ಪಲಿಗಳನ್ನು ಹೇಗೆ ಸಾಲಾಗಿ ಜೋಡಿಸಿದನೆಂಬುದನ್ನೂ, ಮೇಲಿನಿಂದ ಯಾರ ಯಾರ ದನಿ ಕೇಳಿಸಿತೆಂಬುದನ್ನೂ ಬರೆದಿದ್ದನು. ನಾನು ಕೆಂಪು ಮಸಿಯಲ್ಲಿ "ವಿಷಯಾಂತರ" ಎಂದು ಗುರುತು ಹಾಕಿದೆನು.

ಕಳೆದ ಮಾಘಮಾಸದಲ್ಲಿ ಎರಡನೆಯ ಸಲ ಅಲ್ಲಿಗೆ ಹೋಗುವ ಯೋಗವೊದಗಿತು. ಈ ಬಾರಿ ನನ್ನ ಜೊತೆಗಾರರು ಹಾರ್ಮೋನಿಯಂ ಕಲಿಸುವ ಹಳೆಯ ಸ್ನೇಹಿತರು. ಊರಿನಲ್ಲಿ ಎಲ್ಲರೂ ಅವರನ್ನು ಗವಾಯಿಗಳೆಂದೇ ಕರೆಯುವರು. ಐದನೆಯ ವರ್ಷದಲ್ಲಿ ಕಣ್ಣು ಕಳೆದುಕೊಂಡ ಅವರು ವಿದ್ಯೆಯನ್ನು ಪಡೆದುದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ. ಅಂದು ರಾತ್ರಿ ಊರಿನಲ್ಲಿ ಬಯಲಾಟವಿದ್ದಿತು. ಆಟವನ್ನು ಕೇಳಬೇಕು, ಕೋಟೆಯನ್ನು ನೋಡಬೇಕು ಎಂಬುದು ಅವರ ಹಂಬಲ. "ನೋಡಬೇಕು" ಎಂಬುದು ಅವರದೇ ಮಾತು.

ಕೋಟೆಯ ಬುಡದಲ್ಲಿ ನನ್ನ ತೋಳನ್ನು ಹಿಡಿದು ನಿಂತು, "ಏನು ಕಾಣುತ್ತದೆ, ಹೇಳಿರಿ ಮಾಸ್ತರರೆ" ಎಂದರು. ನಾನು, "ಅತ್ಯಂತ ರಮಣೀಯವಾದ ದೃಶ್ಯ" ಎಂದು ಆರಂಭಿಸಿದೆನು. ಅವರು ನಕ್ಕು, "ರಮಣೀಯವೋ ಅಲ್ಲವೋ ನಾನು ನಿಶ್ಚಯಿಸುತ್ತೇನೆ. ನೀವು ಇರುವುದನ್ನು ಹೇಳಿರಿ" ಎಂದರು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಇರುವುದನ್ನು ಇದ್ದಂತೆ ಹೇಳುವುದು ಎಷ್ಟು ಕಷ್ಟವೆಂಬುದು ಆಗ ತಿಳಿಯಿತು. ಎಡಕ್ಕೆ ಎರಡಾಳೆತ್ತರದ ಬಂಡೆ. ಅದರ ನೆತ್ತಿಯಿಂದ ಬಲಕ್ಕೆ ಹೊರಟ ಗೋಡೆ. ಗೋಡೆಯ ಸಂದಿನಲ್ಲಿ ಬೇರೂರಿದ ಒಂದು ಆಲದ ಸಸಿ. ಮೇಲೆ ಸುತ್ತುತ್ತಿರುವ ಎರಡು ಹದ್ದು. ಹೀಗೆ ಒಂದೊಂದಾಗಿ ಹೇಳುತ್ತ ಹೋದಂತೆ, ನಾನೂ ಮೊದಲ ಸಲ ನೋಡಿದವನಂತಾದೆನು. ಬಳಿಕ ಅವರು ಗೋಡೆಯ ಮೇಲೆ ಅಂಗೈಯಾಡಿಸಿ, ಇದು ಉಳಿ ತಾಗಿದ ಕಲ್ಲು, ಇದು ತಾಗದ ಬಂಡೆ ಎಂದು ಬೇರ್ಪಡಿಸಿ ಹೇಳಿದರು. ಒಮ್ಮೆ ಚಪ್ಪಾಳೆ ತಟ್ಟಿ ಮಾರ್ದನಿಯನ್ನು ಆಲಿಸಿ, "ಬಲಗಡೆ ತೆರವಿದೆ" ಎಂದರು. ಹೌದು, ಅಲ್ಲಿ ಗೋಡೆ ಕುಸಿದಿದ್ದಿತು. ನಿಧಾನವಾಗಿ ಮೆಟ್ಟಿಲು ಮೆಟ್ಟಿಲನ್ನೂ ತಡವಿಕೊಂಡು ಅವರು ಏರಿದಷ್ಟು ದೂರವೂ ನಾನು ಏರಿದೆನು.

ವಿಕಲಾಂಗರೆಂದರೆ ಕಲೆಯ ಅಂಗಳಕ್ಕೆ ಕೃಪೆಯಿಂದ ಬರಗೊಡಬೇಕಾದ ಅತಿಥಿಗಳೆಂದು ಎಣಿಸುವವರು ಗದಗಿನ ಆಶ್ರಮವನ್ನು ನೆನೆಯಬೇಕು. ಹುಟ್ಟಿನಿಂದಲೂ ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳು (1892–1944) ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಕರ್ಣಾಟಕ ಹಿಂದುಸ್ತಾನಿ ಎರಡು ಪದ್ಧತಿಗಳಲ್ಲಿಯೂ ನಿಷ್ಣಾತರಾಗಿ, ಅಂಧ ಬಾಲಕರನ್ನೂ ಬಡಬಾಲಕರನ್ನೂ ಕೂಡಿಸಿಕೊಂಡು ಅನ್ನದೊಡನೆ ಸಂಗೀತವನ್ನು ಬಡಿಸಿದರು. ಬಸವರಾಜ ರಾಜಗುರುಗಳು ಅವರ ಶಿಷ್ಯರು. ಅವರ ತರುವಾಯ ಆಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳೂ (1914–2010) ಅಂಧರೇ. ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದ ಅವರು ನಾಟಕಗಳನ್ನೂ ರಚಿಸಿದರು. ಆಶ್ರಮದ ನಾಟಕ ಸಂಘವು ಊರೂರು ತಿರುಗಿ ಆಡಿ, ಬಂದ ಹಣದಿಂದ ಮಕ್ಕಳ ಅನ್ನಕ್ಕೆ ನೆರವಾಯಿತು. 2010ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣವನ್ನಿತ್ತು ಗೌರವಿಸಿತು.

ನಮ್ಮ ಶಾಸ್ತ್ರಗಳು ಈ ವಿಷಯದಲ್ಲಿ ಏನನ್ನುವುವು? ಆಲಂಕಾರಿಕರು ಕಾವ್ಯವನ್ನು ದೃಶ್ಯ, ಶ್ರವ್ಯ ಎಂದು ವಿಂಗಡಿಸಿದರು. ಭರತನ ನಾಟ್ಯಶಾಸ್ತ್ರವು ನಾಟ್ಯವನ್ನು ಎಲ್ಲ ವರ್ಣದವರಿಗೂ ಸಲ್ಲುವ ಐದನೆಯ ವೇದವೆನ್ನುವುದು. ನಾಟ್ಯಗೃಹವು ಅತಿ ದೊಡ್ಡದಾದರೆ ಮಾತು ಅಸ್ಪಷ್ಟವಾಗಿ, ಮುಖದ ಭಾವ ಕಾಣದೆ ಹೋಗುವುದೆಂದು ಹೇಳಿ, ಮನುಷ್ಯರಿಗೆ 64 ಮೊಳ ಉದ್ದ 32 ಮೊಳ ಅಗಲದ ಮಧ್ಯಮ ಗೃಹವನ್ನೇ ವಿಧಿಸುವುದು. ಕಡೆಯ ಸಾಲಿನವನ ಕಣ್ಣುಕಿವಿಗಳನ್ನು ನೆನೆದ ಮುನಿಯೇ ಅವನು. ಆದರೆ ಅದೇ ಎರಡನೆಯ ಅಧ್ಯಾಯದಲ್ಲಿ, ನಾಟ್ಯಗೃಹದ ಅಸ್ತಿವಾರವಿಡುವಾಗ ಅಂಗವಿಕಲರನ್ನು ಅಮಂಗಳವೆಂದು ದೂರ ಸರಿಸಬೇಕೆಂಬ ವಿಧಿಯೂ ಉಂಟು. ಗುರುಮುಖದಿಂದ ಓದಿದ ಗ್ರಂಥವೆಂದು ನಾನು ಇದನ್ನು ಮರೆಮಾಡಲಾರೆನು. ಆ ವಿಧಿಯನ್ನು ನಾನು ಆಚರಿಸಿದವನು. ಚಪ್ಪಲಿ ಕಾಯಲು ಕುಳ್ಳಿರಿಸಿದುದು ಅದಲ್ಲದೆ ಮತ್ತೇನು?

ರಾತ್ರಿ ಆಟ ಮೊದಲಾಯಿತು. ಅಟ್ಟದ ಮುಂದೆ ಚಾಪೆ ಹಾಸಿ ಗವಾಯಿಗಳನ್ನು ಹಿಮ್ಮೇಳದ ಬಳಿಯಲ್ಲಿ ಕುಳ್ಳಿರಿಸಿದರು. ನಾನು ವಿವರಿಸಲು ಬಾಯಿ ತೆರೆದರೆ ಅವರು ಕೈಯೆತ್ತಿ ತಡೆದರು. ತೆರೆಯ ಹಿಂದಿನಿಂದ ಪಾತ್ರವು ಬಂದೊಡನೆ ಸಾರಥಿಯು, ನೀವು ಯಾರು, ಯಾವ ಊರಿನವರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುವನು. ಪಾತ್ರವು ತನ್ನ ಹೆಸರನ್ನೂ ಪರಾಕ್ರಮವನ್ನೂ ತಾನೇ ಹೇಳಿಕೊಳ್ಳುವುದು. "ನೋಡಿದಿರಾ, ಈ ಸಾರಥಿ ನನ್ನ ಕಣ್ಣು. ಹಿಂದಿನವರು ನನ್ನಂಥವನಿಗೂ ಆಟ ಕಟ್ಟಿದ್ದಾರೆ" ಎಂದು ಗವಾಯಿಗಳು ಹಿಗ್ಗಿದರು. ಕಿವಿ ಕೇಳದವನಿಗೂ ಕಿರೀಟ, ಭುಜಕೀರ್ತಿ, ಹೆಜ್ಜೆಯ ಗತ್ತುಗಳು ಎಷ್ಟೋ ಕಥೆಯನ್ನು ತಿಳಿಸುವುವು. ಅವನ ಕೈಯಲ್ಲಿ ಕಥಾಸಾರವನ್ನು ಬರೆದ ಒಂದು ಹಾಳೆಯನ್ನಿತ್ತರೆ ಉಳಿದುದೂ ತಿಳಿದೀತು.

ನಾವು ಇಳಿದುಕೊಂಡಿದ್ದ ಮನೆಯ ಹಿರಿಯಾಕೆ ಮಾತ್ರ ಆಟಕ್ಕೆ ಬಂದಿರಲಿಲ್ಲ. ಸೊಂಟ ಮುರಿದು ಆರು ವರ್ಷಗಳಿಂದ ಗಾಲಿಕುರ್ಚಿಯಲ್ಲಿದ್ದವರು. ಬೆಳಗ್ಗೆ ಅವರು, "ರಾತ್ರಿಯೆಲ್ಲ ಮದ್ದಳೆ ಕೇಳುತ್ತಿತ್ತು ಕಣಪ್ಪಾ. ಭೀಮನ ವೇಷ ಯಾರು ಹಾಕಿದ್ದರು?" ಎಂದು ಕೇಳಿದರು. ಅಟ್ಟವಿದ್ದುದು ಮನೆಯಿಂದ ಇನ್ನೂರು ಹೆಜ್ಜೆ; ನಡುವೆ ಒಂದು ಚರಂಡಿ, ಬಾಗಿಲಿಗೆ ಮೂರು ಮೆಟ್ಟಿಲು. ಮಗನು ತಾಯಿಯಲ್ಲಿ ಭಕ್ತಿಯುಳ್ಳವನೇ. "ಅವ್ವನಿಗೆ ತೊಂದರೆಯಾದೀತೆಂದು ಕೇಳಲಿಲ್ಲ" ಎಂದನು. ಆ ಮಾತು ನನ್ನ ಎದೆಗೆ ನಾಟಿತು. ಗವಾಯಿಗಳು, "ಈ ದಿನ ಎರಡನೆಯ ಆಟವಿದೆಯಲ್ಲ. ಅವ್ವನನ್ನೇ ಕೇಳಪ್ಪಾ" ಎಂದರು. ಕೇಳಿದುದಕ್ಕೆ ಆಕೆ ಉತ್ತರವನ್ನೇ ಕೊಡದೆ, ಪೆಟ್ಟಿಗೆಯಲ್ಲಿರುವ ಸೀರೆಯನ್ನು ತೆಗೆಯೆಂದು ಸೊಸೆಗೆ ಹೇಳಿದರು. ಚರಂಡಿಯ ಮೇಲೆ ಎರಡು ಹಲಗೆ ಬಿದ್ದವು. ನಾಲ್ವರು ಹುಡುಗರು ಕುರ್ಚಿಯನ್ನು ಮೆಟ್ಟಿಲಿನಿಂದ ಇಳಿಸಿದರು. ಖರ್ಚಾದುದು ಒಂದು ಕಾಸೂ ಇಲ್ಲ.

ಆದರೆ ಎಂದೆಂದಿಗೂ ನಾಲ್ವರ ಹೆಗಲನ್ನು ಕಾಯುವಂತಿರಬಾರದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರಿದ್ದರೆ ಗಾಲಿಕುರ್ಚಿಯು ಸುಲಭವಾಗಿ ಏರುವುದೆಂಬುದು ಕಟ್ಟಡ ಕಟ್ಟುವವರು ಬಲ್ಲ ಲೆಕ್ಕ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ತನ್ನ 29ನೆಯ ಪ್ರಕರಣದಲ್ಲಿ ಕಲೆ ಮತ್ತು ವಿನೋದಗಳೂ ಇವರ ಹಕ್ಕೆಂದು ಸಾರಿರುವುದು. ಊರಿನ ರಂಗಮಂದಿರವನ್ನು ಕಟ್ಟುವಾಗಲೇ ಇಳಿಜಾರನ್ನೂ ಮುಂದಿನ ಸಾಲಿನಲ್ಲಿ ಕುರ್ಚಿ ನಿಲ್ಲುವಷ್ಟು ತೆರವನ್ನೂ ಇಟ್ಟರೆ ಹೆಚ್ಚಿನ ಹೊರೆಯಾಗದು. ಕಟ್ಟಿದ ಮೇಲೆ ಒಡೆದು ಮಾಡುವುದೇ ದುಬಾರಿ. ಕೋಟೆಯ ಪ್ರಾಚೀನ ಶಿಲೆಯನ್ನು ಕಡಿಯಬೇಕೆಂದು ನಾನು ಹೇಳುವುದಿಲ್ಲ. ಬುಡದಲ್ಲಿ ಸಮತಟ್ಟಾದ ಒಂದು ಜಗಲಿ, ಅದರ ಮೇಲೆ ಕೈಯಿಂದ ಮುಟ್ಟಿ ತಿಳಿಯುವಂಥ ಕೋಟೆಯ ಒಂದು ಮಾದರಿ, ಇರುವುದನ್ನು ಇದ್ದಂತೆ ಹೇಳಬಲ್ಲ ಒಬ್ಬ ಮನುಷ್ಯ: ಇಷ್ಟಿದ್ದರೆ ಬುಡದಲ್ಲಿಯೇ ಉಳಿಯಬೇಕಾದವರೂ ಬರಿಗೈಯಲ್ಲಿ ಹಿಂದಿರುಗರು.

ವಾಚಕರಲ್ಲಿ ನನ್ನ ವಿಜ್ಞಾಪನೆಯೊಂದೇ. ಜಾತ್ರೆಗೋ ನಾಟಕಕ್ಕೋ ಹೊರಡುವಾಗ ಮನೆಯಲ್ಲಿ ಉಳಿಯುವವರ ಪರವಾಗಿ ನೀವೇ ನಿಶ್ಚಯಿಸಬೇಡಿರಿ. ಅವರನ್ನು ಒಂದು ಮಾತು ಕೇಳಿರಿ. ಆ ಹುಡುಗನು ಈಗ ನಲವತ್ತು ದಾಟಿದ ಗೃಹಸ್ಥನಾಗಿರಬೇಕು, ಎಲ್ಲಿರುವನೋ ಅರಿಯೆನು. ಅವನ ಕಣ್ಣಿಗೆ ಈ ಹಾಳೆ ಬಿದ್ದರೆ, ಅಂದು ಕೇಳಿದ ಪ್ರಶ್ನೆಗೆ ಇದು ತಡವಾದ ಉತ್ತರ. ಮೇಲೆ ಬರಿಯ ಕಲ್ಲಿರಲಿಲ್ಲಪ್ಪಾ. ಕುಸಿದ ಗೋಡೆಯಿದ್ದಿತು, ಬೀಸುವ ಗಾಳಿಯಿದ್ದಿತು, ಕಣ್ಣು ಹಾಯುವವರೆಗೂ ಬಂಡೆಯ ಬೆಟ್ಟಗಳ ಸಾಲಿದ್ದಿತು. ನಿನ್ನ ಪ್ರಬಂಧದಲ್ಲಿ ವಿಷಯಾಂತರವೂ ಇರಲಿಲ್ಲ.