ಜೆರುಸಲೇಮಿನ ಹೆಸರಿನ ಪಬ್ಬಿನಲ್ಲಿ

ನಾಟಿಂಗ್‌ಹ್ಯಾಮ್ ಕೋಟೆಯ ಬಂಡೆಗೆ ಒರಗಿಕೊಂಡೇ ಆ ಪಬ್ಬು ನಿಂತಿದೆ. ಹೆಸರು 'ಯೆ ಓಲ್ಡ್ ಟ್ರಿಪ್ ಟು ಜೆರುಸಲೇಮ್'. ಗೋಡೆಯ ಮೇಲೆ ದೊಡ್ಡದಾಗಿ 1189 ಎಂದಿದೆ. ರಿಚರ್ಡ್ ದೊರೆ ಪಟ್ಟಕ್ಕೆ ಬಂದ ವರ್ಷ. ಶಿಲುಬೆ ಯುದ್ಧಕ್ಕೆ ಹೊರಟ ಅವನ ಸೈನಿಕರು ಇಲ್ಲಿ ಕುಡಿದು ಮುಂದೆ ಹೋದರೆಂಬುದು ಕಥೆ.

ನಾನು ಹೊಸ್ತಿಲಲ್ಲೇ ನಿಂತೆ. 1187ರಲ್ಲಿ ಜೆರುಸಲೇಮನ್ನು ಗೆದ್ದ ಸುಲ್ತಾನ್ ಸಲಾಹುದ್ದೀನರ ಕಥೆಯನ್ನು ಉರ್ದು ಶಾಲೆಯಲ್ಲಿ ಕೇಳಿ ಬೆಳೆದವನು ನಾನು. ಹೆಂಡದಂಗಡಿ ಬೇರೆ, ಈ ಹೆಸರು ಬೇರೆ! ಗೆಳೆಯ "ಚಹಾವೂ ಸಿಗುತ್ತದೆ, ಬಾ" ಎಂದ.

ಒಳಗೆ ಮರಳುಗಲ್ಲು ಕೊರೆದ ಗುಹೆಯಂಥ ಕೋಣೆಗಳು, ಫೋಟೊ ತೆಗೆಯುವ ಪ್ರವಾಸಿಗರು. ನಿಜಕ್ಕೂ ಕಟ್ಟಡ 17ನೇ ಶತಮಾನದ್ದು, 1189ಕ್ಕೆ ದಾಖಲೆಯಿಲ್ಲ. ಹಿಂದೊಮ್ಮೆ ಇದರ ಹೆಸರು 'ಪಿಲ್ಗ್ರಿಮ್' ಎಂದಿತ್ತು, ಅಂದರೆ ಯಾತ್ರಿಕ.

ಚಹಾ ಕುಡಿಯುತ್ತಾ ಯೋಚಿಸಿದೆ. ರಿಚರ್ಡ್ ಜೆರುಸಲೇಮನ್ನು ಗೆಲ್ಲಲೇ ಇಲ್ಲ. 1192ರಲ್ಲಿ ಅವನಿಗೂ ಸಲಾಹುದ್ದೀನರಿಗೂ ಒಪ್ಪಂದವಾಯಿತು: ಆಯುಧವಿಲ್ಲದೆ ಬರುವ ಕ್ರೈಸ್ತ ಯಾತ್ರಿಕರಿಗೆ ಜೆರುಸಲೇಮಿನ ದಾರಿ ಮುಕ್ತ. ಆ ವರ್ಷ ಈ ಗೋಡೆಗಳಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮ ಉಸ್ತಾದರೂ ಯುದ್ಧವನ್ನೇ ಬಣ್ಣಿಸಿದ್ದರು. ಒಪ್ಪಂದದ ಮಾತು ಹೇಳಿದ ನೆನಪಿಲ್ಲ.

ಹೊರಗೆ ಫಲಕದ ಕೆಳಗೆ ಗೆಳೆಯ ನನ್ನದೊಂದು ಫೋಟೊ ತೆಗೆದ. ಊರಲ್ಲಿ ಅಮ್ಮಿಗೆ ತೋರಿಸುವಾಗ ಮೊದಲು ಚಹಾದ ವಿಷಯ, ಆಮೇಲೆ 1192ರ ಕಥೆ ಹೇಳಬೇಕು.